ಬ್ಯಾರನ್ನಿಗೆ ಎಂಥ ಒಲೆ?

ಚುಂಚನಕಟ್ಟೆಯ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಬಂದ ರೈತನು ಮಾರುವವನ ಮಾತನ್ನು ತಾಳ್ಮೆಯಿಂದ ಕೇಳುತ್ತಾನೆ. ಆದರೆ ನಂಬುವುದು ತನ್ನ ಕಣ್ಣನ್ನು. ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಬಲವನ್ನು ತಿಳಿಯುತ್ತಾನೆ. ತಲೆತಲಾಂತರದ ಅನುಭವವು ಅವನಿಗೆ ಈ ಪರೀಕ್ಷೆಗಳನ್ನು ಕಲಿಸಿಕೊಟ್ಟಿದೆ. ಅದೇ ರೈತನು ತನ್ನ ಹೊಗೆಸೊಪ್ಪಿನ ಬ್ಯಾರನ್ನಿಗೆ ಹೊಸ ಒಲೆಯೊಂದನ್ನು ಕೊಳ್ಳಹೊರಟಾಗ ಯಾವ ಹಲ್ಲನ್ನು ಎಣಿಸಬೇಕು? ಯಾವ ಸುಳಿಯನ್ನು ನೋಡಬೇಕು? ಕೊರಡು ಸೌದೆಯನ್ನು ಉರಿಸುವ ಹಳೆಯ ಒಲೆ ಒಂದು ಕಡೆ. ‘ಪೆಲೆಟ್’ ಎಂದು ಹೆಸರಾದ ಸೌದೆಗುಳಿಗೆಗಳನ್ನು ಉರಿಸುವ ಹೊಸ ಒಲೆ ಇನ್ನೊಂದು ಕಡೆ. ಇವುಗಳಲ್ಲಿ ಮೇಲಾವುದು ಎಂಬುದು ಮಾತಿನಿಂದ ತೀರ್ಮಾನವಾಗುವ ವಿಷಯವಲ್ಲ. ಲೆಕ್ಕದಿಂದ ತೀರ್ಮಾನವಾಗುವ ವಿಷಯ. ಆ ಲೆಕ್ಕಕ್ಕೆ ಬೇಕಾದ ಭೌತವಿಜ್ಞಾನವು ಪ್ರೌಢಶಾಲೆಯ ವಿದ್ಯಾರ್ಥಿಗೆ ತಿಳಿದಿರುವುದಕ್ಕಿಂತ ಹೆಚ್ಚಿನದೇನೂ ಅಲ್ಲ.

ವಿಷಯ ಸಣ್ಣದಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಹಗುರ ಮಣ್ಣಿನಲ್ಲಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪು ಕರ್ನಾಟಕದ ಈ ಬೆಳೆಯ ಬಹುಭಾಗ. 1975ರ ಕಾಯಿದೆಯಿಂದ ಹುಟ್ಟಿದ ತಂಬಾಕು ಮಂಡಳಿಯು ಇತ್ತೀಚಿನ ಹಲವು ವರ್ಷಗಳಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸುತ್ತ ಬಂದಿರುವ ಬೆಳೆಯ ಪ್ರಮಾಣ 10 ಕೋಟಿ ಕಿಲೋಗ್ರಾಮಿನ ಆಸುಪಾಸಿನಲ್ಲಿದೆ. ಒಂದು ಕಿಲೋ ಸೊಪ್ಪನ್ನು ಹದಗೊಳಿಸಲು ಸಾಧಾರಣ ಬ್ಯಾರನ್ನಿನಲ್ಲಿ ಸುಮಾರು 5 ಕಿಲೋ ಸೌದೆ ಬೇಕಾಗುತ್ತದೆ. ಗುಣಿಸಿ ನೋಡಿದರೆ ವರ್ಷಕ್ಕೆ ಐದು ಲಕ್ಷ ಟನ್ ಸೌದೆ! ನಾಗರಹೊಳೆಯ ಕಾಡಿನ ಅಂಚಿನಲ್ಲಿರುವ ಈ ಸೀಮೆಯಲ್ಲಿ ಒಲೆಯ ಗುಣಾವಗುಣವು ರೈತನ ಗಂಟಿಗೂ ಮರಗಳ ಉಳಿವಿಗೂ ಸಂಬಂಧಪಟ್ಟದ್ದು.

ಬ್ಯಾರನ್ನಿನೊಳಗೆ ನಡೆಯುವುದೇನು?

ಬ್ಯಾರನ್ ಎಂದರೆ ಎತ್ತರವಾದ ಗೋಡೆಗಳ, ಕಿಟಕಿಯಿಲ್ಲದ ಒಂದು ಕೋಣೆ. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಒಲೆಯ ಬಾಯಿ ಗೋಡೆಯ ಹೊರಗಿರುತ್ತದೆ. ಬಿಸಿ ಹೊಗೆಯು ಕೋಣೆಯ ನೆಲದ ಮೇಲೆ ಹಾಯ್ದ ಕಬ್ಬಿಣದ ಕೊಳವೆಗಳಲ್ಲಿ ಸುತ್ತಿ ಹೊರಗೆ ಹೋಗುತ್ತದೆ. ಹೆಸರಿನಲ್ಲಿ ಹೊಗೆಯಿದ್ದರೂ ಸೊಪ್ಪಿಗೆ ಹೊಗೆ ಸೋಕಬಾರದು. ಕೊಳವೆಯ ಶಾಖ ಮಾತ್ರ ತಗುಲಬೇಕು.

ಈ ಹದಗೊಳಿಸುವಿಕೆಗೆ ಸುಮಾರು ಐದರಿಂದ ಏಳು ದಿನಗಳು ಹಿಡಿಯುತ್ತವೆ. ಮೊದಲಿಗೆ ಉಷ್ಣತೆಯನ್ನು 35 ಡಿಗ್ರಿ ಸೆಂಟಿಗ್ರೇಡಿನ ಸುತ್ತಮುತ್ತ ಇಟ್ಟು, ತೇವವನ್ನು ಒಳಗೇ ಉಳಿಸಿ ಎಲೆಯನ್ನು ಹಳದಿಗೆ ತಿರುಗಿಸುತ್ತಾರೆ. ಎಲೆ ಆಗಲೂ ಜೀವದಿಂದಿದ್ದು, ತನ್ನಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತಿರುತ್ತದೆ. ಅನಂತರ ಉಷ್ಣತೆಯನ್ನು ಮೆಲ್ಲಮೆಲ್ಲನೆ ಏರಿಸಿ, ಮೇಲಿನ ಗಾಳಿಕಿಂಡಿಗಳನ್ನು ತೆರೆದು, ಎಲೆಯ ಹಾಳೆಯನ್ನು ಒಣಗಿಸುತ್ತಾರೆ. ಕೊನೆಗೆ 70 ಡಿಗ್ರಿಯವರೆಗೆ ಏರಿಸಿ ನಡುದಂಟನ್ನು ಒಣಗಿಸುತ್ತಾರೆ. ಏರಿಕೆ ಅವಸರವಾದರೆ ಎಲೆ ಹಸಿರಾಗಿಯೇ ಬೆಂದುಹೋಗುತ್ತದೆ, ನಿಧಾನವಾದರೆ ಕಪ್ಪುಗೂಡುತ್ತದೆ. ಎರಡರಿಂದಲೂ ಹರಾಜು ಕಟ್ಟೆಯಲ್ಲಿ ಬೆಲೆ ಕುಸಿಯುತ್ತದೆ. ಆದುದರಿಂದ ಒಲೆ ಶಾಖವನ್ನು ಕೊಟ್ಟರೆ ಮಾತ್ರ ಸಾಲದು. ಬೇಕಾದಾಗ ಬೇಕಾದಷ್ಟನ್ನು, ಏರುಪೇರಿಲ್ಲದೆ, ಹಗಲಿರುಳೂ ಕೊಡಬೇಕು.

ಐದು ಕಿಲೋ ಎಲ್ಲಿಗೆ ಹೋಯಿತು?

ಈಗ ಮುಖ್ಯವಾದ ಲೆಕ್ಕ. ಆರು ಕಿಲೋ ಹಸಿ ಎಲೆಯಿಂದ ಒಂದು ಕಿಲೋ ಹದವಾದ ಸೊಪ್ಪು ಬರುತ್ತದೆ ಎಂದಿಟ್ಟುಕೊಳ್ಳೋಣ. ಹೊರಹೋಗಬೇಕಾದ ನೀರು ಐದು ಕಿಲೋ. ಬ್ಯಾರನ್ನಿನ ಉಷ್ಣತೆಯಲ್ಲಿ ಒಂದು ಕಿಲೋ ನೀರನ್ನು ಆವಿಯಾಗಿಸಲು ಬೇಕಾಗುವ ಗುಪ್ತೋಷ್ಣ ಸುಮಾರು 2.4 ಮೆಗಾಜೂಲ್. (ಒಂದು ಮೆಗಾಜೂಲ್ ಎಂದರೆ ಮೂರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಶಾಖ.) ಐದು ಕಿಲೋ ನೀರಿಗೆ 12 ಮೆಗಾಜೂಲ್ ಆಯಿತು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯು ಉರಿದಾಗ ಕೊಡುವ ಶಾಖ ಸುಮಾರು 14 ಮೆಗಾಜೂಲ್.

ಅಂದರೆ ತತ್ತ್ವತಃ ಒಂದು ಕಿಲೋಗಿಂತಲೂ ಕಡಿಮೆ ಸೌದೆ ಸಾಕು! ನಾವು ಉರಿಸುತ್ತಿರುವುದು ಐದು ಕಿಲೋ. ಆರು ಪಾಲು ಶಾಖದಲ್ಲಿ ಒಂದು ಪಾಲು ಮಾತ್ರ ಎಲೆಯ ನೀರಿಗೆ ಸಂದಿದೆ. ಉಳಿದ ಐದು ಪಾಲು ಬೇರೆಲ್ಲೋ ಹೋಗಿದೆ. ಹೊಸ ಒಲೆಯ ವಿಚಾರವೆಲ್ಲ ಈ ಐದು ಪಾಲಿನ ವಿಚಾರವೇ.

ಈ ನಷ್ಟವು ಎರಡು ಘಟ್ಟಗಳಲ್ಲಿ ಆಗುತ್ತದೆ. ಮೊದಲನೆಯದು ಒಲೆಯಲ್ಲಿ: ಸೌದೆಯ ಶಾಖದಲ್ಲಿ ಒಂದು ಭಾಗ ಮಾತ್ರ ಕೊಳವೆಗಳ ಮೂಲಕ ಕೋಣೆಯನ್ನು ಸೇರುತ್ತದೆ. ಎರಡನೆಯದು ಕೋಣೆಯಲ್ಲಿ: ಒಳಗೆ ಬಂದ ಶಾಖದಲ್ಲಿಯೂ ಒಂದು ಭಾಗ ಗೋಡೆ, ಛಾವಣಿ, ಬಿರುಕುಗಳ ಮೂಲಕ ಹೊರಟುಹೋಗುತ್ತದೆ. ಒಲೆಯ ದಕ್ಷತೆ ನೂರಕ್ಕೆ 35, ಕೋಣೆಯ ದಕ್ಷತೆ ನೂರಕ್ಕೆ 50 ಎಂದು ಹಿಡಿದರೆ, ಎರಡನ್ನೂ ಗುಣಿಸಿದಾಗ ಬರುವುದು ನೂರಕ್ಕೆ ಹದಿನೇಳೂವರೆ. ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು. ಹೊಸ ಒಲೆಯನ್ನು ಕೊಂಡರೆ ಮೊದಲನೆಯ ಸಂಖ್ಯೆ ಮಾತ್ರ ಬದಲಾಗುತ್ತದೆ, ಎರಡನೆಯದು ಬದಲಾಗುವುದಿಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಹೊಗೆ ಎಂದರೆ ಉರಿಯದ ಸೌದೆ

ಒಲೆಯಲ್ಲಿ ನಷ್ಟವಾಗುವುದು ಹೇಗೆ? ಸೌದೆ ಕಾದಾಗ ಅದರ ಒಣತೂಕದ ಸುಮಾರು ನೂರಕ್ಕೆ 80 ಭಾಗವು ದಹ್ಯ ಅನಿಲಗಳಾಗಿ ಹೊರಬರುತ್ತದೆ; ಕೆಂಡವಾಗಿ ಉಳಿಯುವುದು ಐದನೆಯ ಒಂದು ಭಾಗ ಮಾತ್ರ. ನಾವು ಜ್ವಾಲೆ ಎಂದು ಕರೆಯುವುದು ಈ ಅನಿಲಗಳ ಉರಿಯನ್ನು. ಅನಿಲಕ್ಕೆ ಸಾಕಷ್ಟು ಶಾಖ, ಸಾಕಷ್ಟು ಗಾಳಿ, ಗಾಳಿಯೊಡನೆ ಬೆರೆಯಲು ಸಾಕಷ್ಟು ಅವಕಾಶ, ಈ ಮೂರೂ ದೊರೆತರೆ ಅದು ಪೂರ್ತಿಯಾಗಿ ಉರಿಯುತ್ತದೆ. ಯಾವುದೊಂದು ಕಡಿಮೆಯಾದರೂ ಅದು ಮಸಿ, ಟಾರು, ಇಂಗಾಲದ ಮಾನಾಕ್ಸೈಡುಗಳ ರೂಪದಲ್ಲಿ ಹೊಗೆಕೊಳವೆಯಿಂದ ಹೊರಬೀಳುತ್ತದೆ. ಕಪ್ಪು ಹೊಗೆಯನ್ನು ಕಂಡಾಗಲೆಲ್ಲ ‘ಅಗೋ, ಕಾಸು ಕೊಟ್ಟ ಸೌದೆ ಉರಿಯದೆ ಹೋಗುತ್ತಿದೆ’ ಎಂದು ತಿಳಿಯತಕ್ಕದ್ದು.

ಗಾಳಿ ಹೆಚ್ಚಾದರೂ ಕೇಡೇ. ಒಂದು ಕಿಲೋ ಒಣಸೌದೆ ಪೂರ್ತಿ ಉರಿಯಲು ಸುಮಾರು ಆರು ಕಿಲೋ ಗಾಳಿ ಬೇಕು. ಒಲೆಯ ಬಾಯಿ ಅಗಲವಾಗಿ ತೆರೆದಿದ್ದರೆ ಇದರ ಎರಡು ಮೂರರಷ್ಟು ತಣ್ಣನೆಯ ಗಾಳಿ ಒಳನುಗ್ಗಿ, ಬಿಸಿಯಾಗಿ, ಯಾವ ಉಪಯೋಗಕ್ಕೂ ಬಾರದೆ ಹೊರಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕಳ್ಳನೆಂದರೆ ಸೌದೆಯಲ್ಲಿರುವ ನೀರು. ಬ್ಯಾರನ್ ಉರಿಯುವ ಕಾಲ ಜುಲೈಯಿಂದ ಮುಂದಕ್ಕೆ, ಅಂದರೆ ಮಳೆಗಾಲ. ಕಡಿದ ಹಸಿಯಲ್ಲೇ ತಂದ, ಮಳೆಯಲ್ಲಿ ನೆನೆದ ಸೌದೆಯ ತೂಕದಲ್ಲಿ ಅರ್ಧ ಭಾಗ ನೀರೇ ಇರಬಹುದು. ರೈತನು ನೀರಿಗೂ ಸೌದೆಯ ಬೆಲೆ ಕೊಟ್ಟಂತಾಯಿತು. ಅಷ್ಟೇ ಅಲ್ಲ, ಆ ನೀರನ್ನು ಆವಿಯಾಗಿಸಲು ಉಳಿದ ಅರ್ಧದ ಶಾಖದಲ್ಲಿ ಪಾಲು ಕೊಡಬೇಕಾಯಿತು. ಲೆಕ್ಕ ಮಾಡಿದರೆ ಅರ್ಧದಷ್ಟು ನೀರಿರುವ ಸೌದೆಯ ಕಿಲೋ ಒಂದಕ್ಕೆ ದೊರೆಯುವ ಶಾಖ ಸುಮಾರು 8 ಮೆಗಾಜೂಲ್. ನೂರಕ್ಕೆ 20 ನೀರಿರುವ ಒಣಸೌದೆಗೆ 14.3, ನೂರಕ್ಕೆ 8 ನೀರಿರುವ ಗುಳಿಗೆಗೆ 16.8.

ಗುಳಿಗೆಯ ಒಲೆ

ಈ ಗುಳಿಗೆ ಎಂದರೇನು? ಮರದ ಹೊಟ್ಟು, ಬೆಳೆಯ ಕಸ, ಕಾಫಿಯ ಸಿಪ್ಪೆ ಮೊದಲಾದವನ್ನು ಒಣಗಿಸಿ, ಪುಡಿಮಾಡಿ, ಉಕ್ಕಿನ ಅಚ್ಚಿನ ಸಣ್ಣ ರಂಧ್ರಗಳಲ್ಲಿ ಬಲವಾಗಿ ಒತ್ತಿದರೆ, ಶ್ಯಾವಿಗೆಯ ಒರಳಿನಿಂದ ಎಳೆಗಳು ಬರುವಂತೆ, ಆರರಿಂದ ಎಂಟು ಮಿಲಿಮೀಟರ್ ದಪ್ಪದ ಕಡ್ಡಿಗಳು ಹೊರಬರುತ್ತವೆ. ಸಾಮಾನ್ಯವಾಗಿ ಅಂಟನ್ನು ಬೆರೆಸಬೇಕಾಗಿಲ್ಲ. ಒತ್ತಡದ ಬಿಸಿಗೆ ಮರದಲ್ಲಿರುವ ಲಿಗ್ನಿನ್ ಎಂಬ ವಸ್ತು ಮೆತ್ತಗಾಗಿ, ತಣಿದಾಗ ತಾನೇ ಅಂಟಾಗಿ ಹಿಡಿದುಕೊಳ್ಳುತ್ತದೆ.

ಇಂಥ ಇಂಧನದ ವಿಶೇಷವೆಂದರೆ ಒಂದು ಕಾಳಿನಂತೆ ಇನ್ನೊಂದು ಇರುವುದು. ಕೊರಡನ್ನು ಅಳೆದು ಹಾಕಲಾಗದು. ಗುಳಿಗೆಯನ್ನು ಯಂತ್ರವೇ ಅಳೆದು ಹಾಕಬಲ್ಲದು. ಅಮೆರಿಕದ ಆರೆಗನ್ ರಾಜ್ಯದ ಜೋ ಟ್ರೇಗರ್ ಎಂಬಾತನು 1980ರ ದಶಕದಲ್ಲಿ ಇದನ್ನೇ ಬಳಸಿ ಹಿತ್ತಿಲಲ್ಲಿ ಮಾಂಸವನ್ನು ಹೊಗೆಗೊಡ್ಡಿ ಬೇಯಿಸುವ ಒಲೆಯೊಂದನ್ನು ಮಾಡಿದನು. ಇಂದು ಅಲ್ಲಿನ ಮನೆಮನೆಗಳಲ್ಲಿ ಈ ಜಾತಿಯ ಒಲೆಗಳನ್ನು ಹೋಲಿಸಿ ನೋಡಿ ಕೊಳ್ಳುವ ಪರಿಪಾಠವಿದೆ. ಅಲ್ಲಿ ಮಾಂಸಕ್ಕೆ ಹೊಗೆ ಸೋಕಲೇಬೇಕು; ನಮ್ಮ ಸೊಪ್ಪಿಗೆ ಸೋಕಲೇಬಾರದು. ಆದರೆ ಒಲೆಯ ಅಂಗಾಂಗಗಳು ಒಂದೇ: ಗುಳಿಗೆ ತುಂಬುವ ಒಂದು ತೊಟ್ಟಿ; ಅದನ್ನು ಸ್ವಲ್ಪಸ್ವಲ್ಪವಾಗಿ ಮುಂದೂಡುವ, ತಿರುಪುಮೊಳೆಯಾಕಾರದ ಒಂದು ದಂಡ; ಉರಿಯುವ ಒಂದು ಸಣ್ಣ ಬಟ್ಟಲು; ಗಾಳಿಯೂದುವ ಒಂದು ಫ್ಯಾನು; ಉಷ್ಣತೆಯನ್ನು ನೋಡಿಕೊಂಡು ದಂಡವನ್ನು ತಿರುಗಿಸುವ ಅಥವಾ ನಿಲ್ಲಿಸುವ ಒಂದು ನಿಯಂತ್ರಕ. ನಮ್ಮ ಅಡಿಗೆಮನೆಯ ಊದುಗೊಳವೆ ಮಾಡುವ ಕೆಲಸವನ್ನೇ ಫ್ಯಾನು ಬೇಸರವಿಲ್ಲದೆ ಮಾಡುತ್ತದೆ. ಗಾಳಿಯ ಒಂದು ಪಾಲನ್ನು ಕೆಳಗಿನಿಂದ ಕೆಂಡಕ್ಕೂ, ಇನ್ನೊಂದು ಪಾಲನ್ನು ಮೇಲಿನಿಂದ ಅನಿಲಗಳಿಗೂ ಕೊಟ್ಟರೆ ಹೊಗೆ ಬಹುಮಟ್ಟಿಗೆ ಮಾಯವಾಗುತ್ತದೆ.

ಹಾಗಾದರೆ ಗುಳಿಗೆಯೇ ಗೆದ್ದಿತೆ? ಅವಸರ ಬೇಡ. ಬೆಲೆಯ ಲೆಕ್ಕವಾಗಬೇಕು.

ಮೂರು ಇಂಧನಗಳ ತೂಗುನೋಟ

ಒಂದು ಸರತಿಗೆ 300 ಕಿಲೋ ಹದವಾದ ಸೊಪ್ಪು ಕೊಡುವ ಬ್ಯಾರನ್ನನ್ನು ತೆಗೆದುಕೊಳ್ಳೋಣ. ಎಲೆಯ ನೀರಿಗೆ ಬೇಕಾದ ಶಾಖ 3,600 ಮೆಗಾಜೂಲ್. ಕೋಣೆಯ ದಕ್ಷತೆ ಅರ್ಧವಾದುದರಿಂದ ಕೋಣೆಯೊಳಕ್ಕೆ ಬರಬೇಕಾದ ಶಾಖ 7,200 ಮೆಗಾಜೂಲ್. ಮುಂದಿನ ದರಗಳೂ ದಕ್ಷತೆಗಳೂ ಲೆಕ್ಕದ ಅನುಕೂಲಕ್ಕಾಗಿ ಹಿಡಿದವು; ವಾಚಕರು ತಮ್ಮ ಊರಿನ ದರವನ್ನು ಹಾಕಿ ಮತ್ತೆ ಲೆಕ್ಕ ಮಾಡಬೇಕು.

ಹಸಿಸೌದೆ ಕಿಲೋಗೆ 4 ರೂಪಾಯಿ, ಒಲೆಯ ದಕ್ಷತೆ ನೂರಕ್ಕೆ 30 ಎಂದಾದರೆ ಬೇಕಾಗುವುದು 3,000 ಕಿಲೋ. ಖರ್ಚು 12,000 ರೂಪಾಯಿ.

ಒಣಸೌದೆ ಕಿಲೋಗೆ 5 ರೂಪಾಯಿ, ದಕ್ಷತೆ 35 ಎಂದಾದರೆ ಬೇಕಾಗುವುದು ಸುಮಾರು 1,440 ಕಿಲೋ. ಖರ್ಚು ಸುಮಾರು 7,200 ರೂಪಾಯಿ.

ಗುಳಿಗೆ ಕಿಲೋಗೆ 10 ರೂಪಾಯಿ, ದಕ್ಷತೆ 60 ಎಂದಾದರೆ ಬೇಕಾಗುವುದು ಸುಮಾರು 715 ಕಿಲೋ. ಖರ್ಚು ಸುಮಾರು 7,150 ರೂಪಾಯಿ.

ಇಲ್ಲಿ ಎರಡು ಪಾಠಗಳಿವೆ. ಕಿಲೋ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಕಂಡ ಹಸಿಸೌದೆಯೇ ಕೊನೆಗೆ ಎಲ್ಲಕ್ಕಿಂತ ದುಬಾರಿಯಾಯಿತು. ಕಿಲೋ ಲೆಕ್ಕದಲ್ಲಿ ಎರಡರಷ್ಟು ಬೆಲೆಯ ಗುಳಿಗೆಯು ಒಣಸೌದೆಗೆ ಸಮನಾಯಿತು. ಗುಳಿಗೆಯ ದರ ಒಣಸೌದೆಯ ಎರಡರಷ್ಟಕ್ಕಿಂತ ಕೆಳಗಿಳಿದರೆ ಇಂಧನದ ಖರ್ಚಿನಲ್ಲಿ ಅದಕ್ಕೆ ಗೆಲುವು, ಮೇಲೇರಿದರೆ ಸೋಲು. ಗೆದ್ದಾಗಲೂ ಉಳಿದ ಹಣದಿಂದ ಒಲೆಯ ಬೆಲೆ ತೀರಲು ಎಷ್ಟು ಸರತಿ ಬೇಕೆಂದು ಭಾಗಿಸಿ ನೋಡಬೇಕು.

ಇನ್ನೊಂದು ಪಾಠ ಇವೆರಡಕ್ಕಿಂತ ದೊಡ್ಡದು. ಗೋಡೆಯ ಬಿರುಕುಗಳನ್ನು ಮುಚ್ಚಿ, ಬಾಗಿಲನ್ನು ಬಿಗಿಮಾಡಿ, ತಗಡಿನ ಛಾವಣಿಯ ಕೆಳಗೆ ಶಾಖ ತಡೆಯುವ, ಬೆಂಕಿ ಹತ್ತದ ಹೊದಿಕೆಯೊಂದನ್ನು ಹಾಕಿ, ಕೋಣೆಯ ದಕ್ಷತೆಯನ್ನು 50ರಿಂದ 60ಕ್ಕೆ ಏರಿಸಿದೆವೆನ್ನಿ. ಆಗ ಒಳಕ್ಕೆ ಬೇಕಾದ ಶಾಖ 6,000 ಮೆಗಾಜೂಲಿಗೆ ಇಳಿಯುತ್ತದೆ. ಯಾವ ಒಲೆಯಾದರೂ ಸರಿ, ಇಂಧನದಲ್ಲಿ ಆರನೆಯ ಒಂದು ಪಾಲು ಉಳಿಯಿತು. ಒಳಗೆ 70 ಡಿಗ್ರಿ, ಹೊರಗೆ ಮಳೆಗಾಲದ ರಾತ್ರಿಯ 20 ಡಿಗ್ರಿ. ಈ 50 ಡಿಗ್ರಿಯ ಅಂತರವೇ ಶಾಖವನ್ನು ಗೋಡೆಯ ಮೂಲಕ ತಳ್ಳುತ್ತಿರುತ್ತದೆ. ತೂತಿನ ಕೊಡಕ್ಕೆ ದೊಡ್ಡ ಹಗ್ಗ ಕಟ್ಟಿ ಫಲವೇನು? ಮೊದಲು ತೂತು ಮುಚ್ಚಬೇಕು.

‘ಊರ್ಜಾ’ ಒಲೆ ಕಲಿಸಿದ ಪಾಠ

ಗುಳಿಗೆಯ ಒಲೆ ಕನ್ನಡನಾಡಿಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಚ್. ಎಸ್. ಮುಕುಂದ ಮತ್ತು ಅವರ ಸಹೋದ್ಯೋಗಿಗಳು ಸಣ್ಣ ಫ್ಯಾನಿನಿಂದ ಗಾಳಿಯೂದುವ, ಗುಳಿಗೆಯಿಂದ ಉರಿಯುವ ಅಡಿಗೆ ಒಲೆಯೊಂದನ್ನು ರೂಪಿಸಿದರು. ಬಿ.ಪಿ. ಎಂಬ ತೈಲ ಕಂಪನಿಯು ಇದನ್ನು 2006ರಿಂದ ‘ಊರ್ಜಾ’ ಎಂಬ ಹೆಸರಿನಲ್ಲಿ ಮಾರಿತು. 2009ರಲ್ಲಿ ಆ ವ್ಯವಹಾರ ಫಸ್ಟ್ ಎನರ್ಜಿ ಎಂಬ ಕಂಪನಿಗೆ ಸೇರಿತು. ಸುಮಾರು ನಾಲ್ಕು ಲಕ್ಷ ಒಲೆಗಳು ಮಾರಾಟವಾದವು. ಒಲೆ ಚೆನ್ನಾಗಿತ್ತು, ಹೊಗೆ ಕಡಿಮೆ, ಉರಿ ಬಲ. ಆದರೆ ಬೆಳೆಯ ಕಸವನ್ನು ಕಾರ್ಖಾನೆಗಳ ಬಾಯ್ಲರುಗಳೂ ಕೊಳ್ಳತೊಡಗಿದಾಗ ಅದರ ಬೆಲೆ ಏರಿ, ಗುಳಿಗೆಯ ಬೆಲೆಯೂ ಏರಿತು. ಅನೇಕ ಗೃಹಿಣಿಯರು ಒಲೆಯನ್ನು ಮೂಲೆಗಿಟ್ಟರು; ಕಂಪನಿಯು ಮನೆಗಳನ್ನು ಬಿಟ್ಟು ಹೋಟೆಲು ಮುಂತಾದ ದೊಡ್ಡ ಅಡಿಗೆಮನೆಗಳ ಕಡೆಗೆ ತಿರುಗಿತು.

ಸೌದೆಯ ಒಲೆ ಯಾವ ಸೌದೆಯನ್ನಾದರೂ ಉಣ್ಣುತ್ತದೆ. ಗುಳಿಗೆಯ ಒಲೆ ಗುಳಿಗೆಯನ್ನೇ ಬೇಡುತ್ತದೆ. ಗುಳಿಗೆ ಮಾರುವವನೊಡನೆ ಒಂದು ದೀರ್ಘಕಾಲದ ನಂಟನ್ನೇ ಬೇಡುತ್ತದೆ. ಒಲೆಯನ್ನು ಒಮ್ಮೆ ಕೊಳ್ಳುತ್ತೇವೆ. ಇಂಧನವನ್ನು ಪ್ರತಿ ವರ್ಷವೂ ಕೊಳ್ಳುತ್ತೇವೆ. ಈ ಸೀಮೆಯಲ್ಲಿ ಕಚ್ಚಾ ಸಾಮಗ್ರಿಗೆ ಬಡತನವಿಲ್ಲ: ನೆರೆಯ ಕೊಡಗಿನಲ್ಲಿ ಕಾಫಿಯ ಸಿಪ್ಪೆಯುಂಟು, ತೋಟಗಳಲ್ಲಿ ತೆಂಗಿನ ಗರಿ ಮಟ್ಟೆಗಳುಂಟು, ಕೃಷ್ಣರಾಜನಗರದ ಅಕ್ಕಿ ಗಿರಣಿಗಳಲ್ಲಿ ಭತ್ತದ ಉಮಿಯುಂಟು. ಗುಳಿಗೆ ಇಲ್ಲಿಯೇ, ಹತ್ತಿರದಲ್ಲಿಯೇ ತಯಾರಾದರೆ ನಂಟು ಉಳಿದೀತು. ದೂರದಿಂದ ಲಾರಿಯಲ್ಲಿ ಬರಬೇಕಾದರೆ ಯೋಚಿಸಬೇಕು.

ಉಮಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಶುದ್ಧ ಮರದ ಗುಳಿಗೆಯಲ್ಲಿ ಬೂದಿ ನೂರಕ್ಕೆ ಒಂದು ಭಾಗದಷ್ಟು. ಉಮಿಯಲ್ಲಿ ಸುಮಾರು ಐದನೆಯ ಒಂದು ಭಾಗ ಬೂದಿಯೇ, ಅದರಲ್ಲಿ ಬಹುಪಾಲು ಸಿಲಿಕ. ಉರಿಯುವ ಬಟ್ಟಲು ಬಹುಬೇಗ ತುಂಬಿ, ಗಾಳಿಯ ರಂಧ್ರಗಳು ಮುಚ್ಚಿಹೋಗುತ್ತವೆ. ಮರದ ಗುಳಿಗೆಗಾಗಿ ಮಾಡಿದ ಒಲೆಗೆ ಉಮಿಯ ಗುಳಿಗೆಯನ್ನು ಹಾಕಿ ಒಲೆಯನ್ನು ದೂಷಿಸುವುದು ನ್ಯಾಯವಲ್ಲ.

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಮೇಲಿನ ವಿಚಾರಗಳಿಂದ ಎತ್ತಿನ ಹಲ್ಲಿನಂತೆ ಪರೀಕ್ಷಿಸಬೇಕಾದ ಅಂಶಗಳು ಹೊರಡುತ್ತವೆ.

1. ವಿದ್ಯುತ್ತು ನಿಂತರೆ ಗತಿಯೇನು? ದಂಡಕ್ಕೂ ಫ್ಯಾನಿಗೂ ವಿದ್ಯುತ್ತು ಬೇಕು. ನಡುರಾತ್ರಿಯಲ್ಲಿ ಕರೆಂಟು ಹೋಗಿ ಉರಿ ನಂದಿದರೆ ಇಡೀ ಬ್ಯಾರನ್ನಿನ ಸೊಪ್ಪು ಕೆಡಬಹುದು. ಬ್ಯಾಟರಿಯ ಆಸರೆ ಎಷ್ಟು ಗಂಟೆ ನಡೆಯುತ್ತದೆ? ಅಗತ್ಯ ಬಿದ್ದಾಗ ಅದೇ ಒಲೆಯಲ್ಲಿ ಸೌದೆಯನ್ನೂ ಉರಿಸಬಹುದೆ? ನಮ್ಮ ಹಳ್ಳಿಗಳ ಮಟ್ಟಿಗೆ ಇದು ಮೊದಲನೆಯ ಪ್ರಶ್ನೆ.

2. ತೊಟ್ಟಿಯಲ್ಲಿ ಎಷ್ಟು ಹಿಡಿಯುತ್ತದೆ? 715 ಕಿಲೋ ಗುಳಿಗೆಯನ್ನು ಆರು ದಿನಗಳಿಗೆ ಹಂಚಿದರೆ ಗಂಟೆಗೆ ಸುಮಾರು 5 ಕಿಲೋ ಆಯಿತು. ರಾತ್ರಿಯ ಹತ್ತು ಗಂಟೆಗಳಿಗೆ 50 ಕಿಲೋ. ತೊಟ್ಟಿ ಇದಕ್ಕಿಂತ ಚಿಕ್ಕದಾದರೆ ಯಂತ್ರ ಕೊಂಡ ಮೇಲೂ ನಿದ್ದೆಗೆಡುವುದು ತಪ್ಪುವುದಿಲ್ಲ.

3. ಹೊಗೆಕೊಳವೆಯ ಕೊನೆಯಲ್ಲಿ ಉಷ್ಣತೆ ಎಷ್ಟು? ಅಲ್ಲಿ 300 ಡಿಗ್ರಿ ಇದ್ದರೆ ಶಾಖ ವ್ಯರ್ಥವಾಗಿ ಹೋಗುತ್ತಿದೆ. ತೀರ ನೂರಕ್ಕಿಂತ ಕೆಳಗಿಳಿದರೆ ನೀರೂ ಟಾರೂ ಒಳಗೇ ತಣಿದು ಕೊಳವೆಯನ್ನು ತಿನ್ನುತ್ತವೆ.

4. ಉಷ್ಣತೆಯನ್ನು ಎಲ್ಲಿ ಅಳೆಯುತ್ತದೆ? ಎಲೆಗಳ ನಡುವೆ ಅಳೆಯಬೇಕೇ ಹೊರತು ಒಲೆಯ ಮೈಮೇಲಲ್ಲ. ಒಣ ಮತ್ತು ಒದ್ದೆ ಬುರುಡೆಗಳ ಜೋಡಿ ಉಷ್ಣಮಾಪಕವಿದ್ದರೆ ತೇವವೂ ತಿಳಿಯುತ್ತದೆ.

5. ಗುಳಿಗೆಯ ಗುಣವೇನು? ಇದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ನೂರು ಗ್ರಾಂ ಗುಳಿಗೆಯನ್ನು ತೂಗಿ, ಕಾಲೇಜಿನ ಪ್ರಯೋಗಶಾಲೆಯ ಒಲೆಯಲ್ಲಿ 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿದರೆ, ಕಡಿಮೆಯಾದ ಗ್ರಾಮುಗಳೇ ನೂರಕ್ಕಿಷ್ಟು ಎಂಬ ತೇವದ ಲೆಕ್ಕ. ಅನಂತರ ಪೂರ್ತಿ ಸುಟ್ಟು ಉಳಿದುದನ್ನು ತೂಗಿದರೆ ಬೂದಿಯ ಲೆಕ್ಕ. ಚೀಲದ ತಳದಲ್ಲಿ ಪುಡಿ ಬಹಳವಿದ್ದರೆ ಅದನ್ನು ಸರಿಯಾಗಿ ಒತ್ತಿಲ್ಲವೆಂದು ತಿಳಿಯಬೇಕು. ನೀರು ತಾಗಿದರೆ ಗುಳಿಗೆ ಮತ್ತೆ ಹೊಟ್ಟಾಗಿಬಿಡುವುದರಿಂದ ಮಳೆ ಸೋರದ ಉಗ್ರಾಣವೂ ಬೇಕು.

6. ಬೇರೆ ಕೆಲಸಕ್ಕೂ ಬಂದೀತೆ? ಹೊಗೆಸೊಪ್ಪು ಆರೋಗ್ಯಕ್ಕೆ ಹಾನಿಕರವೆಂಬುದರಲ್ಲಿ ಸಂದೇಹವಿಲ್ಲ. ತಂಬಾಕು ನಿಯಂತ್ರಣದ ವಿಶ್ವ ಒಪ್ಪಂದವನ್ನು ಭಾರತವು 2004ರಲ್ಲಿ ಅನುಮೋದಿಸಿದೆ. ಆದುದರಿಂದ ಹತ್ತು ವರ್ಷ ಬಾಳಬೇಕಾದ ಒಲೆಯನ್ನು ಈ ಒಂದೇ ಬೆಳೆಯನ್ನು ನೆಚ್ಚಿ ಕೊಳ್ಳುವುದು ಜಾಣತನವಲ್ಲ. ಹೊಗೆ ಸೋಕದ ಬಿಸಿಗಾಳಿಯು ಶುಂಠಿ, ಅರಿಸಿನ, ಮೆಣಸಿನಕಾಯಿ, ಕೊಬ್ಬರಿಗಳನ್ನು ಒಣಗಿಸಲೂ ಬೇಕಾದುದೇ.

ಇಷ್ಟು ವಿಚಾರ ಮಾಡಿದ ಮೇಲೆ ಕಾಣುವ ದಾರಿ ಹೀಗಿದೆ: ಮೊದಲನೆಯ ಖರ್ಚು ಬೇಸಿಗೆಯಲ್ಲಿಯೇ ಸೌದೆಯನ್ನು ಸೀಳಿ ಸೂರಿನಡಿ ಒಣಗಿಸುವುದಕ್ಕೆ, ಎರಡನೆಯದು ಬ್ಯಾರನ್ನಿನ ಗೋಡೆ, ಛಾವಣಿ, ಬಾಗಿಲುಗಳಿಗೆ, ಗುಳಿಗೆಯ ಒಲೆ ಮೂರನೆಯದು. ಅದೂ ಹತ್ತಿರದಲ್ಲಿ ಗುಳಿಗೆ ದೊರೆಯುವುದು ಖಚಿತವಾಗಿ, ವಿದ್ಯುತ್ತಿನ ಆಸರೆ ಗಟ್ಟಿಯಾದ ಮೇಲೆ. ಮೊದಲೆರಡನ್ನು ಮಾಡದೆ ಮೂರನೆಯದಕ್ಕೆ ಕೈಹಾಕಿದವನು ಗುಳಿಗೆಯ ಬೆಲೆ ಕೊಟ್ಟು ಆಕಾಶವನ್ನು ಕಾಯಿಸಿದಂತಾಗುವುದು.

ಕೋಣೆಯ ಸೋರಿಕೆಯನ್ನು ತಡೆದು ಉಳಿಸಬಹುದಾದ ಆ ಆರನೆಯ ಒಂದು ಪಾಲನ್ನು ಇಡೀ ಬೆಳೆಗೆ ಅನ್ವಯಿಸಿದರೆ ವರ್ಷಕ್ಕೆ 80,000 ಟನ್ನಿಗೂ ಹೆಚ್ಚು ಸೌದೆಯಾಗುತ್ತದೆ. ಅದಕ್ಕೆ ಹೊಸ ಆವಿಷ್ಕಾರವೇನೂ ಬೇಕಾಗಿಲ್ಲ. ಒಂದು ತಕ್ಕಡಿ, ಒಂದು ಉಷ್ಣಮಾಪಕ, ಒಂದು ಲೆಕ್ಕದ ಪುಸ್ತಕ ಇವಿಷ್ಟನ್ನು ಬ್ಯಾರನ್ನಿನ ಬಾಗಿಲಲ್ಲಿ ಇಟ್ಟುಕೊಂಡು, ಒಳಗೆ ಹೋದ ಸೌದೆಯನ್ನೂ ಹೊರಗೆ ಬಂದ ಸೊಪ್ಪನ್ನೂ ಪ್ರತಿ ಸರತಿಯಲ್ಲಿಯೂ ತೂಗಿ ಬರೆದಿಡುವ ಅಭ್ಯಾಸವೊಂದು ಸಾಕು. ಆ ಪುಸ್ತಕವನ್ನು ಬರೆಯುವ ಕೆಲಸಕ್ಕೆ ಶಾಲೆಗೆ ಹೋಗುವ ಮನೆಮಕ್ಕಳಿಗಿಂತ ತಕ್ಕವರು ಇನ್ನಾರು?